ಎಲ್ಕ್ ಬೇಟೆಯ ಲಾಟರಿ: ಅರ್ಜಿ ಹಾಕುವವಳ ಕಡೆಯಿಂದ ಒಂದು ವಿಮರ್ಶೆ

ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಒಳ್ಳೆಯ ಕಾಡಿನಲ್ಲಿ ಎಲ್ಕ್ ಬೇಟೆಯಾಡಬೇಕೆಂದರೆ ಬಹುತೇಕ ಕಡೆ ಮೊದಲು ಲಾಟರಿಯಲ್ಲಿ ಹೆಸರು ಬರಬೇಕು. ಅರ್ಜಿಗೆ ಶುಲ್ಕ ಕಟ್ಟುತ್ತೇವೆ. ಹೆಸರು ಬರಲಿ, ಬಿಡಲಿ, ಆ ಶುಲ್ಕ ಹೋದದ್ದು ಹೋಯಿತು. ದುಡ್ಡು ತೆಗೆದುಕೊಂಡ ಮೇಲೆ ಅದೂ ಒಂದು ಸೇವೆಯೇ. ಹೋಟೆಲಿನ ದೋಸೆಗೆ, ಗ್ಯಾರೇಜಿನ ಮೆಕ್ಯಾನಿಕ್‌ಗೆ ನಕ್ಷತ್ರ ಕೊಡುವ ನಾವು ಇದನ್ನೇಕೆ ಬಿಡಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಸೋಮವಾರಪೇಟೆಯ ಹತ್ತಿರದ ಕಾಫಿ ತೋಟದಲ್ಲಿ. ಈಗ ಇರುವುದು ಕೊಲೊರಾಡೋದ ಪಶ್ಚಿಮ ಭಾಗದ ಗ್ರ್ಯಾಂಡ್ ಜಂಕ್ಷನ್‌ನಲ್ಲಿ. ಕೆಲಸ ಶಾಲೆಗಳ ಲೆಕ್ಕಪತ್ರ ವಿಭಾಗದಲ್ಲಿ. ನನ್ನ ಗಂಡನಿಗೆ ಕೋವಿಯ ಸದ್ದು ಕೇಳಿದರೆ ತಲೆನೋವು. ಮನೆಯಲ್ಲಿ ಅರ್ಜಿ ಹಾಕುವವಳೂ ನಾನೇ, ಕಾಡಿಗೆ ಹೋಗುವವಳೂ ನಾನೇ. ಎಲ್ಕ್ ಎಂದರೆ ನಮ್ಮ ಕಡವೆಯ ಬಳಗದ, ಅದಕ್ಕಿಂತಲೂ ದೊಡ್ಡ ಪ್ರಾಣಿ. ಒಂದು ಹೆಣ್ಣು ಎಲ್ಕ್ ಸಿಕ್ಕರೆ ಚಳಿಗಾಲವೆಲ್ಲ ಫ್ರೀಜರ್ ತುಂಬಿರುತ್ತದೆ. ಊರಿನಿಂದ ತರಿಸಿದ ಕಾಚಂಪುಳಿ ಒಂದು ಚಮಚ ಬಿದ್ದರೆ ಅದರ ಮಾಂಸಕ್ಕೆ ಹಂದಿಯದೂ ಸಾಟಿಯಲ್ಲ ಎಂದು ನಾನು ಹೇಳಿದರೆ ನನ್ನ ತವರಿನವರು ಒಪ್ಪುವುದಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆಯ ಕಾಲ ಮುಗಿಯಿತು. ಮುಗಿದದ್ದು ಸರಿಯೇ ಎನ್ನುವವಳು ನಾನು. ಆದರೆ ತಮ್ಮನ ಗೋಳು ಬೇರೆ. ಕಳೆದ ಸಲ ಫೋನಿನಲ್ಲಿ ಹೇಳಿದ: “ಅಕ್ಕಾ, ಇಲ್ಲಿ ಹಂದಿ ಬಂದು ತೋಟವನ್ನೆಲ್ಲ ಉತ್ತು ಹೋದರೂ ಅರಣ್ಯ ಇಲಾಖೆಗೆ ಅರ್ಜಿ ಬರೆದು ಕಾಯುವುದಷ್ಟೇ ನಮ್ಮ ಕೆಲಸ. ಅಲ್ಲಿ ನೀನೂ ಅರ್ಜಿ ಹಾಕಿ ಕಾಯುತ್ತೀಯ, ಅದೂ ಕೈಯಿಂದ ದುಡ್ಡು ಕೊಟ್ಟು. ನಮ್ಮ ಮನೆತನಕ್ಕೆ ಅರ್ಜಿ ತಪ್ಪಿದ್ದಲ್ಲ ಬಿಡು.”

ಇಲ್ಲಿ ಲಾಟರಿ ಬಂದದ್ದಕ್ಕೆ ಕಾರಣವಿದೆ. ಕಾಡುಪ್ರಾಣಿ ಯಾರ ಸ್ವತ್ತೂ ಅಲ್ಲ, ರಾಜ್ಯದ ಜನರೆಲ್ಲರ ಪರವಾಗಿ ಸರ್ಕಾರ ನೋಡಿಕೊಳ್ಳುವ ಆಸ್ತಿ ಎಂಬುದು ಈ ದೇಶದ ನಿಲುವು. ಪ್ರತಿ ವರ್ಷ ಹಿಂಡುಗಳ ಸಂಖ್ಯೆಯನ್ನು ಅಂದಾಜು ಮಾಡಿ, ಯಾವ ಪ್ರದೇಶದಲ್ಲಿ ಎಷ್ಟು ಗಂಡು, ಎಷ್ಟು ಹೆಣ್ಣು ತೆಗೆಯಬಹುದೆಂದು ಲೆಕ್ಕ ಹಾಕಿ, ಅಷ್ಟೇ ಪರವಾನಗಿ ಕೊಡುತ್ತಾರೆ. ಬೇಟೆಗಾರರು ಇದನ್ನು ಟ್ಯಾಗ್ ಎನ್ನುತ್ತಾರೆ. ಟ್ಯಾಗ್‌ಗಿಂತ ಅರ್ಜಿ ಹೆಚ್ಚಾದಾಗ ಯಾರಿಗೆ ಕೊಡಬೇಕು ಎಂಬಲ್ಲಿ ಜಗಳ ಶುರುವಾಗುತ್ತದೆ. ಒಂದೊಂದು ರಾಜ್ಯದ್ದು ಒಂದೊಂದು ಉತ್ತರ.

ನನ್ನದೇ ರಾಜ್ಯದಿಂದ ಶುರು ಮಾಡುತ್ತೇನೆ. ದೇಶದಲ್ಲಿಯೇ ಅತಿ ಹೆಚ್ಚು ಎಲ್ಕ್ ಇರುವುದು ಕೊಲೊರಾಡೋದಲ್ಲಿ. ಏಪ್ರಿಲ್ ತಿಂಗಳ ಮೊದಲ ಮಂಗಳವಾರ ಅರ್ಜಿಗೆ ಕಡೆಯ ದಿನ. ನಾಲ್ಕು ಆಯ್ಕೆಗಳನ್ನು ಬರೆಯಬಹುದು. ಮೊದಲ ಆಯ್ಕೆ ಸಿಗದಿದ್ದರೆ ಒಂದು ಪ್ರಾಶಸ್ತ್ಯ ಪಾಯಿಂಟ್ ಖಾತೆಗೆ ಜಮೆಯಾಗುತ್ತದೆ. ಮುಂದಿನ ವರ್ಷ ಹೆಚ್ಚು ಪಾಯಿಂಟ್ ಇದ್ದವರಿಗೆ ಮೊದಲು ಹಂಚಿ, ಉಳಿದರೆ ಕೆಳಗಿನವರಿಗೆ. ಕೇಳುವುದಕ್ಕೆ ಇದಕ್ಕಿಂತ ನ್ಯಾಯ ಬೇರೆ ಇಲ್ಲ: ಹೆಚ್ಚು ಕಾದವನಿಗೆ ಮೊದಲ ಪಾಳಿ.

ನಮ್ಮ ಕಡೆ ಚೀಟಿ ಹಾಕುವವರಿಗೆ ಇದರ ಹುಳುಕು ಬೇಗ ಗೊತ್ತಾಗುತ್ತದೆ. ಇಪ್ಪತ್ತು ಮಂದಿ ಸೇರಿ ಇಪ್ಪತ್ತು ತಿಂಗಳ ಚೀಟಿ ಕಟ್ಟಿದರೆ ಕೊನೆಯವನಿಗೂ ಒಂದು ದಿನ ಹಣ ಬಂದೇ ಬರುತ್ತದೆ. ಇಲ್ಲಿ ತಿಂಗಳು ಇಪ್ಪತ್ತೇ. ಸದಸ್ಯರು ಮಾತ್ರ ವರ್ಷ ವರ್ಷ ಸೇರುತ್ತಲೇ ಇರುತ್ತಾರೆ. ಒಂದು ಪ್ರದೇಶದಲ್ಲಿ ವರ್ಷಕ್ಕೆ 30 ಟ್ಯಾಗ್, ನನ್ನ ಮುಂದೆ ಪಾಳಿಯಲ್ಲಿ 900 ಮಂದಿ ಎಂದು ಇಟ್ಟುಕೊಳ್ಳಿ. ಮೂವತ್ತು ವರ್ಷ. ಹೀಗೆ ಬೇಕಾಗುವ ಪಾಯಿಂಟ್ ವರ್ಷದಿಂದ ವರ್ಷಕ್ಕೆ ಏರುವುದನ್ನು ಇಲ್ಲಿಯವರು ಪಾಯಿಂಟ್ ಕ್ರೀಪ್ ಎನ್ನುತ್ತಾರೆ. ನಾನು ಒಂದು ಪಾಯಿಂಟ್ ಗಳಿಸುವಷ್ಟರಲ್ಲಿ ಗುರಿಯೂ ಒಂದು ಪಾಯಿಂಟ್ ಮುಂದಕ್ಕೆ ಹೋಗಿರುತ್ತದೆ.

ನಮ್ಮ ಪಕ್ಕದ ಮನೆಯ ಅಜ್ಜ ದನ ಸಾಕಿ ಬದುಕಿದವರು. ರಾಜ್ಯದ ವಾಯವ್ಯ ಮೂಲೆಯ ಯೂನಿಟ್ 201 ಎಂಬ ಬೇಟೆ ಪ್ರದೇಶದ ಗಂಡು ಎಲ್ಕ್ ಮೇಲೆ ಅವರ ಕಣ್ಣು; ಅಲ್ಲಿಗೆ ಇಪ್ಪತ್ತಕ್ಕೂ ಹೆಚ್ಚು ಪಾಯಿಂಟ್ ಬೇಕು. ಅವರ ಮೊಮ್ಮಗಳಿಗೆ ಈಗ 12 ವರ್ಷ, ದೊಡ್ಡ ಪ್ರಾಣಿಗಳ ಬೇಟೆಗೆ ಕೊಲೊರಾಡೋ ಒಪ್ಪುವ ವಯಸ್ಸು. ಅಜ್ಜನಿಗೆ ಪಾಯಿಂಟ್ ಇದೆ, ಮೊಣಕಾಲು ಇಲ್ಲ. ಮೊಮ್ಮಗಳಿಗೆ ಮೊಣಕಾಲು ಇದೆ, ಪಾಯಿಂಟ್ ಇಲ್ಲ. ಇಬ್ಬರೂ ಒಟ್ಟಿಗೆ ಗುಂಪಿನ ಅರ್ಜಿ ಹಾಕೋಣವೆಂದರೆ ಗುಂಪಿನಲ್ಲಿ ಯಾರದು ಅತಿ ಕಡಿಮೆಯೋ ಅದೇ ಎಲ್ಲರ ಪಾಯಿಂಟ್ ಎಂದು ನಿಯಮ. ಹುಡುಗಿಯನ್ನು ಜೊತೆಗೆ ಸೇರಿಸಿಕೊಂಡ ಗಳಿಗೆಯಲ್ಲಿ ಅಜ್ಜನ ಎರಡು ದಶಕದ ಕಾಯುವಿಕೆಗೆ ಸೊನ್ನೆಯ ಬೆಲೆ. ಮುಂದಿನ ತಲೆಮಾರು ಬೇಟೆಗೆ ಬರುತ್ತಿಲ್ಲ ಎಂದು ಎಲ್ಲ ಸಭೆಗಳಲ್ಲಿ ಕೊರಗುವ ಜನರೇ ಈ ನಿಯಮವನ್ನೂ ಇಟ್ಟುಕೊಂಡಿದ್ದಾರೆ.

ಹೆಚ್ಚು ಪಾಯಿಂಟ್ ಬೇಡುವ ಕೆಲವು ಬೇಟೆಗಳಲ್ಲಿ ಶೇಕಡಾ 20ರವರೆಗಿನ ಟ್ಯಾಗ್‌ಗಳನ್ನು ಪಾಯಿಂಟ್ ಲೆಕ್ಕಿಸದೆ ಎತ್ತುತ್ತಾರೆ. ಅದಕ್ಕೂ ಕೈಯಲ್ಲಿ ಕನಿಷ್ಠ 5 ಪಾಯಿಂಟ್ ಇರಬೇಕು. ಹೊಸಬರು ಅಲ್ಲಿಯೂ ಹೊರಗೆ. 2028ರಿಂದ ಅರ್ಧ ಟ್ಯಾಗ್‌ಗಳು ಪಾಳಿಯ ಪ್ರಕಾರ, ಇನ್ನರ್ಧ ಬೋನಸ್ ಲಾಟರಿಯ ಪ್ರಕಾರ ಎಂದು ರಾಜ್ಯದ ವನ್ಯಜೀವಿ ಆಯೋಗ ತೀರ್ಮಾನಿಸಿದೆ. ಬೋನಸ್ ಎಂದರೆ ಪಾಯಿಂಟ್ ಹೆಚ್ಚಿದ್ದವನ ಚೀಟಿಗಳು ಡಬ್ಬಿಯಲ್ಲಿ ಹೆಚ್ಚಿರುತ್ತವೆ, ಆದರೆ ಡಬ್ಬಿಯೊಳಗೆ ಎಲ್ಲರ ಚೀಟಿಯೂ ಇರುತ್ತದೆ. ತಡವಾಯಿತು, ಆದರೂ ಸರಿಯಾದ ದಿಕ್ಕು. ಹಳಬರು ಮೋಸವಾಯಿತು ಎಂದು ಕೂಗಾಡಿದ್ದು ನನಗೆ ಅರ್ಥವಾಗುತ್ತದೆ. ಇಪ್ಪತ್ತು ವರ್ಷ ಅವರಿಗೆ ಬೇರೆಯದನ್ನೇ ಹೇಳಿಕೊಂಡು ಬಂದಿತ್ತಲ್ಲ. ಪಾಳಿಯ ಪದ್ಧತಿಯನ್ನು ಶುರು ಮಾಡುವುದು ಸುಲಭ. ಜನರು ಅದರಲ್ಲಿ ವರ್ಷಗಳನ್ನು ಹಾಕಿದ ಮೇಲೆ ಕಳಚುವುದು ಯಾರಿಂದಲೂ ಆಗದ ಕೆಲಸ. ಹೊಸದಾಗಿ ಪಾಯಿಂಟ್ ತರಬೇಕೆಂದು ಯೋಚಿಸುವ ಯಾವುದೇ ರಾಜ್ಯಕ್ಕೆ ನಾನು ಹೇಳುವುದು ಇದೊಂದನ್ನೇ.

ಕೊಲೊರಾಡೋದ ಇನ್ನೊಂದು ಪ್ರಯೋಗವನ್ನು ಲೆಕ್ಕದವಳಾಗಿ ನಾನು ಮರೆಯಲಾರೆ. ಮೊದಲು ಅರ್ಜಿಯ ಜೊತೆಗೇ ಪರವಾನಗಿಯ ಪೂರ್ತಿ ಹಣ ಕಟ್ಟಬೇಕಿತ್ತು, ಸಿಗದಿದ್ದರೆ ವಾಪಸು. 2018ರಲ್ಲಿ ಆ ಮುಂಗಡವನ್ನು ತೆಗೆದುಹಾಕಿದರು. ಬಡವರಿಗೂ ಅನುಕೂಲ ಎಂದು ಕೇಳಿಸುತ್ತದೆ. ಆದದ್ದೇನು? ಮೂಸ್ ಎಂಬ ಭಾರೀ ಜಿಂಕೆ, ಕಾಡುಕುರಿ, ಬೆಟ್ಟದ ಮೇಕೆ ಇವುಗಳಿಗೆ ಅರ್ಜಿಗಳು ಒಮ್ಮೆಲೇ ಉಕ್ಕಿ ಬಂದವು. ಟ್ಯಾಗ್ ಇದ್ದಷ್ಟೇ. ಮನಸ್ಸಿಟ್ಟು ಕಾದವನೂ, ಇರಲಿ ಒಂದು ಎಂದು ಗುಂಡಿ ಒತ್ತಿದವನೂ ಒಂದೇ ಡಬ್ಬಿಯಲ್ಲಿ. ಮರುವರ್ಷ, ಅರ್ಜಿ ಹಾಕುವವರು ಮೊದಲು ಸಣ್ಣ ಬೇಟೆಯ ಪರವಾನಗಿಯನ್ನೋ ಕಾಡು ಟರ್ಕಿಯದನ್ನೋ ಕೊಳ್ಳಲೇಬೇಕು ಎಂಬ ಶರತ್ತು ಬಂತು. ಅಂದರೆ ಸೋಲುವವನಿಂದಲೂ ವಾಪಸಾಗದ ಹಣ. ಮುಂಗಡವಾದರೂ ತಿರುಗಿ ಬರುತ್ತಿತ್ತು.

ಕೊಲೊರಾಡೋಗೆ ಎರಡು ನಕ್ಷತ್ರ. 2028ರ ನಂತರ ಇನ್ನೊಂದು ಕೊಡುವ ಮನಸ್ಸಿದೆ.

ದಕ್ಷಿಣದ ನ್ಯೂ ಮೆಕ್ಸಿಕೋದಲ್ಲಿ ಪಾಯಿಂಟ್ ಎಂಬುದೇ ಇಲ್ಲ. ಪ್ರತಿ ವರ್ಷವೂ ಎಲ್ಲರೂ ಸೊನ್ನೆಯಿಂದ. ಕಂಪ್ಯೂಟರ್ ಒಬ್ಬ ಅರ್ಜಿದಾರನನ್ನು ಎತ್ತಿದರೆ ಅವನ ಮೊದಲ, ಎರಡನೆಯ, ಮೂರನೆಯ ಆಯ್ಕೆಗಳನ್ನೆಲ್ಲ ನೋಡಿಯೇ ಮುಂದಿನವನಿಗೆ ಹೋಗುತ್ತದೆ. ಇದು ಸಣ್ಣ ವಿಷಯವೆನಿಸಬಹುದು, ಅಲ್ಲ. ಕೊಲೊರಾಡೋದಲ್ಲಿ ಎಲ್ಲರ ಮೊದಲ ಆಯ್ಕೆ ಮುಗಿದ ಮೇಲೆಯೇ ಎರಡನೆಯದಕ್ಕೆ ಪಾಳಿ, ಅಷ್ಟರಲ್ಲಿ ಒಳ್ಳೆಯವು ಖಾಲಿ. ಹಾಗಾಗಿ ಅಲ್ಲಿ ಮೊದಲ ಆಯ್ಕೆಯನ್ನು ಚದುರಂಗದ ನಡೆಯಂತೆ ಯೋಚಿಸಿ ಬರೆಯಬೇಕು. ನ್ಯೂ ಮೆಕ್ಸಿಕೋದಲ್ಲಿ ಮನಸ್ಸಿನಲ್ಲಿದ್ದದ್ದನ್ನು ಮನಸ್ಸಿನಲ್ಲಿದ್ದ ಕ್ರಮದಲ್ಲಿಯೇ ಬರೆಯಬಹುದು. ಅರ್ಜಿದಾರನನ್ನು ಸುಳ್ಳು ಹೇಳಲು ಹಚ್ಚದ ಲಾಟರಿ ಎಂದರೆ ಇದು. ಹಣವನ್ನು ಪೂರ್ತಿ ಮುಂಗಡವಾಗಿ ತೆಗೆದುಕೊಂಡು, ಸಿಗದವರಿಗೆ ಹಿಂತಿರುಗಿಸುತ್ತಾರೆ.

ಇನ್ನು ಪಾಲಿನ ವಿಷಯ. ಶೇಕಡಾ 84 ರಾಜ್ಯದವರಿಗೆ, ಶೇಕಡಾ 10 ನೋಂದಾಯಿತ ಬೇಟೆ ಮಾರ್ಗದರ್ಶಕರೊಡನೆ ಒಪ್ಪಂದ ಮಾಡಿಕೊಂಡವರಿಗೆ, ಶೇಕಡಾ 6 ನನ್ನಂಥ ಹೊರಗಿನವರಿಗೆ. ನನಗೆ ಉಳಿಯುವುದು ಆ ಆರು. ಅದಕ್ಕೆ ನನ್ನ ತಕರಾರಿಲ್ಲ. ಅಲ್ಲಿ ತೆರಿಗೆ ಕಟ್ಟುವವರು, ಬೇಸಿಗೆಯಲ್ಲಿ ಹಿಂಡಿನ ಹಿಂದೆ ಬೇಲಿ ರಿಪೇರಿ ಮಾಡುವವರು ಅವರು. ಹೊರಗಿನವರಿಗೆ ಹೆಚ್ಚು ದರ ಹಾಕುವುದು ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1978ರಲ್ಲಿಯೇ ಹೇಳಿದೆ. ಮೊಂಟಾನಾ ರಾಜ್ಯದ ಆ ಪ್ರಕರಣದಲ್ಲಿ ರಾಜ್ಯದವರಿಗೆ ಎಲ್ಕ್ ಪರವಾನಗಿಗೆ 9 ಡಾಲರ್, ಹೊರಗಿನವರು ಕೊಳ್ಳಲೇಬೇಕಿದ್ದ ಜಂಟಿ ಪರವಾನಗಿಗೆ 225 ಡಾಲರ್ ಇತ್ತು. ಮನರಂಜನೆಯ ಬೇಟೆ ಮೂಲಭೂತ ಹಕ್ಕಿನ ಸಾಲಿಗೆ ಬರುವುದಿಲ್ಲ ಎಂಬುದು ತೀರ್ಪಿನ ಸಾರ. ನಾನು ಕೆರಳುವುದು ನಡುವಿನ ಹತ್ತಕ್ಕೆ. ಮಾರ್ಗದರ್ಶಕನಿಗೆ ಸಾವಿರಾರು ಡಾಲರ್ ಕೊಡಬಲ್ಲವನಿಗೆ ಬೇರೆಯದೇ ಡಬ್ಬಿ. ಅದರ ಮೇಲೆ, ಜಮೀನಿನಲ್ಲಿ ಎಲ್ಕ್ ಮೇಯುವ ಮಾಲೀಕರಿಗೆ ಕೊಡುವ ಅನುಮತಿ ಪತ್ರಗಳನ್ನು ಅವರು ಯಾರಿಗೆ ಬೇಕಾದರೂ ಮಾರಬಹುದು. ಪ್ರಾಣಿ ಎಲ್ಲರದೂ ಎಂದಮೇಲೆ ಪತ್ರ ಸಂತೆಗೆ ಹೇಗೆ ಬಂತು?

ಆದರೂ ಮೂರೂವರೆ ನಕ್ಷತ್ರ. ಜೊತೆಗೆ ಒಂದು ವಿಚಿತ್ರ ಮಾಹಿತಿ: ಅಲ್ಲಿನ ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ನೆಲದಲ್ಲಿ ಓರಿಕ್ಸ್ ಎಂಬ ಆಫ್ರಿಕಾದ ಉದ್ದ ಕೊಂಬಿನ ಚಿಗರೆಯ ಬೇಟೆಗೂ ಲಾಟರಿ ಇದೆ. 1969ರಿಂದ 1977ರವರೆಗೆ ತಂದು ಬಿಟ್ಟ ಪ್ರಾಣಿಗಳ ಸಂತತಿ ಅದು. ಟೆಕ್ಸಾಸ್‌ನಲ್ಲಂತೂ ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗದ ನೆಂಟರು ಖಾಸಗಿ ಹುಲ್ಲುಗಾವಲುಗಳಲ್ಲಿ ಓಡಾಡಿಕೊಂಡಿದ್ದಾರೆ. ಅವು ಹೊರಗಿನ ಪ್ರಾಣಿಗಳೆಂದು ಅಲ್ಲಿ ಋತುವೂ ಇಲ್ಲ, ಲಾಟರಿಯೂ ಇಲ್ಲ; ಮಾಲೀಕ ಒಪ್ಪಿದರೆ ಸಾಮಾನ್ಯ ಬೇಟೆ ಪರವಾನಗಿ ಸಾಕು. ಅದನ್ನು ಮಾತ್ರ ನನ್ನಿಂದ ಹೊಡೆಯಲಾಗದು.

ವಯೋಮಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊರಗಿನವರ ಎಲ್ಕ್ ಟ್ಯಾಗ್‌ಗಳಲ್ಲಿ ಶೇಕಡಾ 75 ಪಾಯಿಂಟ್ ಇದ್ದವರಿಗೆ, 25 ಅದೃಷ್ಟಕ್ಕೆ. ಇಷ್ಟೇ ಆಗಿದ್ದರೆ ಮೆಚ್ಚುತ್ತಿದ್ದೆ. ಆದರೆ ಅಲ್ಲಿ ಸಾಮಾನ್ಯ ಮತ್ತು ವಿಶೇಷ ಎಂದು ಎರಡು ಸಾಲು. ಸಾಮಾನ್ಯಕ್ಕೆ 692 ಡಾಲರ್. ವಿಶೇಷದ ದರವನ್ನು 2024ರಿಂದ 1,950ಕ್ಕೆ ಏರಿಸಿದರು. ಪ್ರಾಣಿ ಅದೇ, ಬೆಟ್ಟ ಅದೇ. ಸಾಲಿನಲ್ಲಿ ಜನ ಕಡಿಮೆ ಇದ್ದಾರು ಎಂಬ ಆಸೆಗೆ ಸಾವಿರದಿನ್ನೂರಕ್ಕೂ ಮಿಕ್ಕಿ ಡಾಲರ್ ಹೆಚ್ಚು. ಒಕ್ಕೂಟ ಸರ್ಕಾರ ವೈಲ್ಡರ್‌ನೆಸ್ ಎಂದು ಗುರುತಿಸಿ ರಸ್ತೆಯಿಲ್ಲದೆ ಕಾಪಾಡಿದ ಪ್ರದೇಶಗಳಿಗೆ ಹೊರಗಿನವರು ಮಾರ್ಗದರ್ಶಕರಿಲ್ಲದೆ ದೊಡ್ಡ ಪ್ರಾಣಿಗಳ ಬೇಟೆಗೆ ಕಾಲಿಡುವಂತಿಲ್ಲ. ಅದೇ ದಾರಿಯಲ್ಲಿ ಮೀನು ಹಿಡಿಯಲು, ಚಾರಣಕ್ಕೆ ಹೋಗಬಹುದು. ಒಂದೂವರೆ ನಕ್ಷತ್ರ. ನೆವಾಡಾದಲ್ಲಿ ಪಾಯಿಂಟನ್ನು ಅದರಿಂದಲೇ ಗುಣಿಸಿ ಒಂದು ಸೇರಿಸುತ್ತಾರೆ: 20 ಪಾಯಿಂಟ್ ಇದ್ದವನಿಗೆ 401 ಅವಕಾಶ, ಹೊಸಬನಿಗೆ ಒಂದು. ಎಲ್ಲರ ಚೀಟಿಯೂ ಡಬ್ಬಿಯಲ್ಲಿದೆ ಎಂದು ಅವರು ಎದೆ ತಟ್ಟಿ ಹೇಳಬಹುದು. ಇದೆ, ಹೌದು.

ಹರಾಜಿನ ಟ್ಯಾಗ್‌ಗಳನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಹಲವು ರಾಜ್ಯಗಳು ಪ್ರತಿ ವರ್ಷ ಒಂದೆರಡು ಟ್ಯಾಗ್‌ಗಳನ್ನು ಹರಾಜಿಗೆ ಇಡುತ್ತವೆ. 2013ರಲ್ಲಿ ಮೊಂಟಾನಾದ ಒಂದು ಕಾಡುಕುರಿಯ ಟ್ಯಾಗ್ 4,80,000 ಡಾಲರ್‌ಗೆ ಹೋಯಿತು. ಹಣ ಕಾಡುಕುರಿಗಳ ಸಂರಕ್ಷಣೆಗೇ ಸೇರುತ್ತದೆ. ನನಗೆ ಇದರ ಬಗ್ಗೆ ಹೊಟ್ಟೆಕಿಚ್ಚಿಲ್ಲ. ಹರಾಜು ತಾನು ಹರಾಜು ಎಂದು ಹೇಳಿಕೊಂಡೇ ನಡೆಯುತ್ತದೆ; ಲಾಟರಿಯ ವೇಷ ಹಾಕಿಕೊಂಡ ಹರಾಜು ನನಗೆ ಆಗದು.

ನನ್ನ ಪಟ್ಟಿಯಲ್ಲಿ ಮೇಲಿರುವುದು ಐಡಹೊ. ಅಲ್ಲೂ ಪಾಯಿಂಟ್ ಇಲ್ಲ. ಅವರು ಮಾಡಿರುವ ಬುದ್ಧಿವಂತಿಕೆ ಬೇರೆಯದು: ಮೂಸ್, ಕಾಡುಕುರಿ, ಬೆಟ್ಟದ ಮೇಕೆ ಈ ಮೂರರಲ್ಲಿ ಒಂದಕ್ಕೆ ಅರ್ಜಿ ಹಾಕಿದರೆ ಆ ವರ್ಷ ಎಲ್ಕ್, ಜಿಂಕೆ, ಪ್ರಾಂಗ್‌ಹಾರ್ನ್ (ಚಿಗರೆಯಂಥ ಪ್ರಾಣಿ) ಇವುಗಳ ನಿಯಂತ್ರಿತ ಬೇಟೆಯ ಲಾಟರಿಗೆ ಹಾಕುವಂತಿಲ್ಲ. ಒಂದನ್ನು ಬೇಕೆಂದರೆ ಇನ್ನೊಂದನ್ನು ಬಿಡಬೇಕು. ಗಂಡು ಎಲ್ಕ್ ಅಥವಾ ಗಂಡು ಜಿಂಕೆಯ ಟ್ಯಾಗ್ ಬಂದವನು ಮುಂದಿನ ವರ್ಷ ಅದಕ್ಕೆ ಅರ್ಜಿ ಹಾಕದೆ ಸುಮ್ಮನಿರಬೇಕು. ಗಂಡು ಮೂಸ್ ಹೊಡೆದವನಿಗೆ ಜೀವಮಾನದಲ್ಲಿ ಇನ್ನೊಂದು ಗಂಡು ಮೂಸ್ ಇಲ್ಲ. ಇಷ್ಟರಿಂದಲೇ ಡಬ್ಬಿ ತಾನಾಗಿ ಹಗುರಾಗುತ್ತದೆ. ಪಾಯಿಂಟಿನ ರಾಜ್ಯಗಳಲ್ಲಿ ನಾನೂ ಎಲ್ಲರಂತೆ ಸಿಕ್ಕಿದ್ದಕ್ಕೆಲ್ಲ ಅರ್ಜಿ ಹಾಕುತ್ತೇನೆ. ಹಾಕದಿದ್ದರೆ ಒಂದು ಪಾಯಿಂಟ್ ಕಳೆದುಕೊಂಡ ಹಾಗೆ. ಐಡಹೊ ಮಾತ್ರ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನಿನಗೆ ನಿಜವಾಗಿ ಏನು ಬೇಕು ಎಂದು ಕೇಳುತ್ತದೆ.

ಡಬ್ಬಿಯನ್ನು ಹಗುರಾಗಿಸಲು ಮುಂಗಡ ಹಣವೂ ಒಂದು ದಾರಿ ಎಂಬ ಮಾತಿಗೆ ಎದುರು ಮಾತಿದೆ, ಅದನ್ನು ನಮ್ಮ ಕಚೇರಿಯ ಸಹೋದ್ಯೋಗಿ ಪ್ರತಿ ಮಾರ್ಚ್‌ನಲ್ಲಿ ಎತ್ತುತ್ತಾಳೆ. ಅವಳ ಗಂಡ ಶಾಲೆಯ ಬಸ್ ಓಡಿಸುತ್ತಾನೆ. ಮುಂಗಡ ಹಣವನ್ನು ಜರಡಿ ಎಂದು ಹೊಗಳುವವರು ಆ ಜರಡಿಯಲ್ಲಿ ಮೊದಲು ಉದುರುವವರು ಯಾರೆಂದು ನೋಡಿದ್ದಾರೆಯೇ ಎಂದು ಅವಳ ಪ್ರಶ್ನೆ. ನಿಜ. ರಾಜ್ಯದೊಳಗಿನವರಿಗೆ ಎಲ್ಕ್ ಪರವಾನಗಿ ನೂರು ಡಾಲರ್ ಒಳಗೇ ಇರುವುದರಿಂದ ಕೆಲವು ವಾರ ಅದನ್ನು ಕಟ್ಟಿಡುವುದು ಆದೀತು. ಮೂರು ರಾಜ್ಯಗಳಲ್ಲಿ ಹೊರಗಿನವರ ದರ ಕಟ್ಟಿಡುವುದು ಅವರ ಮನೆಗೆ ಆಗದು. ಹಾಗಾಗಿಯೇ ನನಗೆ ಐಡಹೊದ ಒಂದನ್ನು ಬಿಡುವ ನಿಯಮ ಮುಂಗಡಕ್ಕಿಂತ ಹೆಚ್ಚು ಇಷ್ಟ. ಬಿಟ್ಟುಕೊಡಬೇಕಾದ ಆಯ್ಕೆಯ ತೂಕ ಬಸ್ ಚಾಲಕನಿಗೂ ದಂತವೈದ್ಯನಿಗೂ ಒಂದೇ. ಮೂಸ್ ಮತ್ತು ಕಾಡುಕುರಿಗೆ ಐಡಹೊ ಮುಂಗಡವನ್ನೂ ಕೇಳುತ್ತದೆ, ಅದಕ್ಕೆ ಅರ್ಧ ನಕ್ಷತ್ರ ಕಡಿತ. ನಾಲ್ಕೂವರೆ.

ಈ ಗೊಂದಲದ ಬೆನ್ನ ಮೇಲೆ ಇನ್ನೊಂದು ವ್ಯಾಪಾರ ಬೆಳೆದಿದೆ: ಯಾವ ಯೂನಿಟ್‌ನಲ್ಲಿ ಎಷ್ಟು ಪಾಯಿಂಟ್‌ಗೆ ಎಷ್ಟು ಅವಕಾಶ ಎಂದು ತಿಳಿಸುವ ಚಂದಾ ಆ್ಯಪ್‌ಗಳು. ಹೆಸರು ಹೇಳುವುದಿಲ್ಲ, ಒಂದು ಆ್ಯಪ್ ನನಗೆ ಒಂದು ಬೇಟೆಯಲ್ಲಿ ಶೇಕಡಾ 100 ಅವಕಾಶ ಎಂದು ಹಸಿರು ಬಣ್ಣದಲ್ಲಿ ತೋರಿಸಿತು. ಅದು ಹಿಂದಿನ ವರ್ಷದ ಲೆಕ್ಕ. ಅದೇ ಹಸಿರನ್ನು ನೋಡಿ ಇನ್ನೆಷ್ಟು ಮಂದಿ ಅಲ್ಲಿಗೇ ಹಾಕಿದರೋ, ಆ ವರ್ಷ ಗಡಿ ಒಂದು ಪಾಯಿಂಟ್ ಮೇಲೇರಿತು. ಚಂದಾ ವಾಪಸು ಕೇಳಿದ್ದಕ್ಕೆ, ಇದು ಅಂದಾಜು ಮಾತ್ರ ಎಂಬ ಸಾಲು ಷರತ್ತುಗಳ ಪುಟದಲ್ಲಿದೆ ಎಂದು ಉತ್ತರ ಬಂತು. ಇದೇ ಅಂಕಿಅಂಶಗಳನ್ನು ರಾಜ್ಯಗಳು ತಮ್ಮ ವೆಬ್‌ಸೈಟಿನಲ್ಲಿ ಉಚಿತವಾಗಿ ಹಾಕುತ್ತವೆ, ಆದರೆ ನೂರಾರು ಪುಟದ ಪಿಡಿಎಫ್‌ನಲ್ಲಿ. ಅದನ್ನು ಸಾಮಾನ್ಯರು ಹುಡುಕಿ ಓದುವ ಹಾಗೆ ಹಾಕಿದರೆ ಅರ್ಧ ನ್ಯಾಯ ಅಲ್ಲಿಯೇ ಸಿಕ್ಕೀತು.

ಇನ್ನೊಂದು ಎಚ್ಚರಿಕೆ ಕಾರ್ಡ್‌ನದು. ನನ್ನ ಜೊತೆ ಬೇಟೆಗೆ ಬರುವ ಗೆಳತಿಗೆ ಒಂದು ರಾಜ್ಯದಲ್ಲಿ ಟ್ಯಾಗ್ ಬಂತು. ಹಣ ಎಳೆಯುವ ದಿನ ಬ್ಯಾಂಕಿನವರು ಅದನ್ನು ವಂಚನೆ ಎಂದು ಶಂಕಿಸಿ ತಡೆದರು. ಕೊಟ್ಟ ಗಡುವಿನ ಇಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಟ್ಯಾಗ್ ಬೇರೆಯವರ ಪಾಲಾಯಿತು. ಎಷ್ಟೋ ವರ್ಷಗಳ ಕಾಯುವಿಕೆಯನ್ನು ಒಂದು ಇಮೇಲ್‌ಗೆ ಕಟ್ಟಿಹಾಕುವ ಬದಲು ಒಂದು ಫೋನ್ ಮಾಡಬಾರದೇ?

ಕೆಲಸದ ವೀಸಾದಲ್ಲಿರುವ ಕನ್ನಡಿಗರು ಹಲವರು ನಮಗೆ ಬೇಟೆಗೆ ಅವಕಾಶವೇ ಇಲ್ಲವೇನೋ ಎಂದು ಕೇಳುತ್ತಾರೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂದು ಒಕ್ಕೂಟದ ಕಾನೂನು ಹೇಳುತ್ತದೆ. ಆದರೆ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಅದೇ ಕಾನೂನಿನಲ್ಲಿ ವಿನಾಯಿತಿ ಇದೆ. ಕೊಲೊರಾಡೋದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರೆಲ್ಲ ಬೇಟೆ ಸುರಕ್ಷತೆಯ ತರಬೇತಿ ಮುಗಿಸಿರಬೇಕು. ತರಬೇತಿಯ ತರಗತಿಗಳು ಮಾರ್ಚ್‌ನಲ್ಲಿ ಭರ್ತಿಯಾಗುತ್ತವೆ, ಚಳಿಗಾಲದಲ್ಲಿಯೇ ಮುಗಿಸಿಕೊಳ್ಳಿ. ರೈಫಲ್ ಋತುಗಳಲ್ಲಿ ಮೈಮೇಲೆ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ 500 ಚದರ ಇಂಚು ಕಡ್ಡಾಯ. ಗುಲಾಬಿಯನ್ನು ನಾನು ಬಳಸುವುದಿಲ್ಲ. ಮಹಿಳೆಯರಿಗೆಂದು ಮಾರುವ ಆ ಅಂಗಿಗಳಿಗೆ ಜೇಬೇ ಇರುವುದಿಲ್ಲ.

ಮೊದಲ ಸಲ ಹಾಕುವವರಿಗೆ ನನ್ನ ಸಲಹೆ: ಕೊಲೊರಾಡೋದ ಅರ್ಜಿಯಲ್ಲಿ ಮೊದಲ ಆಯ್ಕೆಯ ಜಾಗದಲ್ಲಿ ಬೇಟೆಯ ಬದಲು ಪಾಯಿಂಟ್ ಮಾತ್ರ ಸಾಕು ಎಂಬ ಸಂಕೇತ ಸಂಖ್ಯೆಯನ್ನು ಬರೆಯಿರಿ. ಎರಡನೆಯದರಲ್ಲಿ ಹತ್ತಿರದ ಯಾವುದಾದರೂ ಯೂನಿಟ್‌ನ ಹೆಣ್ಣು ಎಲ್ಕ್. ಎರಡನೆಯ ಆಯ್ಕೆ ಸಿಕ್ಕರೂ ಪಾಯಿಂಟ್ ಕರಗುವುದಿಲ್ಲ, ಹೆಣ್ಣು ಎಲ್ಕ್ ಟ್ಯಾಗ್‌ಗಳಿಗೆ ನೂಕುನುಗ್ಗಲೂ ಇಲ್ಲ. ಕೊಂಬನ್ನು ಯಾರೂ ಬೇಯಿಸಿ ತಿನ್ನುವುದಿಲ್ಲ. ಏಪ್ರಿಲ್‌ನ ಕಡೆಯ ದಿನ ರಾತ್ರಿ ಎಂಟಕ್ಕೆ ಅರ್ಜಿ ಮುಚ್ಚುತ್ತದೆ. ಏಳೂವರೆಗೆ ಲಾಗಿನ್ ಆಗಲು ಹೊರಡಬೇಡಿ.